ದುದ್ದದ ಬಸ್ಸಿನಲ್ಲಿ ಬಂದ ಸಿಹಿನೀರು

ಹಾಸನ
12-8-1994

ಪ್ರೀತಿಯ ಆಶಾ,

ಹೊಳೆನರಸೀಪುರದ ಹಾಸ್ಟೆಲಿನಲ್ಲಿ ರಸಾಯನಶಾಸ್ತ್ರದ ಪುಸ್ತಕ ಕಂಡರೆ ಮುಸುಕೆಳೆದು ಮಲಗುತ್ತಿದ್ದವಳು ನೀನು. ಈಗ ಅದೇ ಶಾಸ್ತ್ರಕ್ಕೆ ನಿನ್ನ ಸಹಾಯ ಬೇಕಾಗಿದೆ. ನಗಬೇಡ, ಕೇಳು.

ನಿಮ್ಮ ತುಂಬೆಕೊಪ್ಪಲಿನ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಇದೆಯಲ್ಲ, ಅದರ ಹಾಸನದ ಆಫೀಸಿನಲ್ಲಿ ನನಗೆ ಕೆಮಿಸ್ಟ್ ಕೆಲಸ ಸಿಕ್ಕಿರುವುದು ನಿನಗೆ ಗೊತ್ತು. ನನ್ನನ್ನು ಯಾಕೆ ತೆಗೆದುಕೊಂಡರು ಅನ್ನುವುದು ಮಾತ್ರ ಈಗ ಗೊತ್ತಾಯಿತು. ಸರ್ಕಾರ ಕಾನೂನು ಮಾಡಿದೆ. ಎಷ್ಟು ನೀರು ಬಳಸಿದೆವು, ಏನು ಹೊರಗೆ ಬಿಟ್ಟೆವು ಎಂದು ಪ್ರತಿ ಕಾರ್ಖಾನೆಯೂ ವರ್ಷಕ್ಕೊಂದು ಪರಿಸರ ವರದಿ ಕೊಡಲೇಬೇಕು. ಸೆಪ್ಟೆಂಬರ್ ಮೂವತ್ತು ಕೊನೆಯ ದಿನ. ಅದನ್ನು ಬರೆಯುವವಳು ನಾನು! ಬರೆಯಬೇಕಲ್ಲ ಎಂಬ ಭಯಕ್ಕಾದರೂ ಕಂಪನಿಯವರು ಸರಿಯಾಗಿ ನಡೆದುಕೊಳ್ಳುತ್ತಾರೆ ಅನ್ನುವುದು ನನ್ನ ನಂಬಿಕೆ. ಆಗಲೇ ಕೊಳೆನೀರು ಶುದ್ಧ ಮಾಡಲು ಒಂದು ತೊಟ್ಟಿ ಕಟ್ಟಿಸುತ್ತಿದ್ದಾರೆ. ಹೋದ ವರ್ಷ ಕೇಳಿದ್ದರೆ ನಕ್ಕು ಕಳಿಸುತ್ತಿದ್ದರಂತೆ.

ಸುತ್ತಲಿನ ಬಾವಿ ನೀರಿನ ವಿವರವನ್ನೂ ವರದಿಗೆ ಸೇರಿಸೋಣ ಎಂದು ನಾನೇ ಹೇಳಿದೆ. ಹೋದ ತಿಂಗಳು ನಿಮ್ಮ ಮನೆಗೆ ಬಂದಾಗ ನಾನೇ ಹಗ್ಗ ಹಿಡಿದು ಸೇದಿಕೊಂಡು ಬಂದೆನಲ್ಲ, ಆ ನೀರಿನಲ್ಲಿ ಉಪ್ಪಿನ ಅಂಶ ಸ್ವಲ್ಪ ಹೆಚ್ಚಿದೆ. ಗಾಬರಿಯಾಗುವಷ್ಟಿಲ್ಲ. ಆದರೆ ಗಮನಿಸುತ್ತಿರಬೇಕು. ಮೂರು ತಿಂಗಳಿಗೊಮ್ಮೆ ನಿಮ್ಮ ಮನೆಯ ಬಾವಿಯಿಂದ ಒಂದು ಬಾಟಲಿ ನೀರು ಕಳಿಸುತ್ತೀಯಾ? ಗಾಜಿನ ಬಾಟಲಿಗಳನ್ನು ದುದ್ದದ ಬಸ್ಸಿನ ಕಂಡಕ್ಟರ್ ಕೆಂಚಯ್ಯನವರ ಕೈಲಿ ಕಳಿಸಿದ್ದೇನೆ.

ರಾಮನಾಥಪುರದಲ್ಲಿ ನಮ್ಮ ತಂದೆಗೆ ಕಣ್ಣು ಮಂಜಾಗಿದೆ. ದೇವಸ್ಥಾನದ ಪೂಜೆಗೆ ಅಣ್ಣ ಗಿರಿಧರ ಹೋಗುತ್ತಿದ್ದಾನೆ.

ನಿನ್ನ,
ಹಂಸ


ತುಂಬೆಕೊಪ್ಪಲು
2-9-1994

ಕೆಮಿಸ್ಟ್ ಹಂಸಮ್ಮನವರ ಸನ್ನಿಧಾನಕ್ಕೆ,

ಬಾಟಲಿ ಬಂದವು, ತಾಯಿ. ಇದರ ಜೊತೆ ಮೊದಲನೆಯದು ಬರುತ್ತಿದೆ. ಒಡೆಯಬಾರದು ಅಂತ ಹಳೇ ಸೀರೆಯಲ್ಲಿ ಸುತ್ತಿದ್ದೇನೆ. ಸೀರೆ ವಾಪಸ್ ಕಳಿಸು, ಒಲೆ ಮೇಲಿನ ಮಸಿ ಪಾತ್ರೆ ಇಳಿಸಲು ಬೇಕು.

ಬೆಳಿಗ್ಗೆ ನಾನು ಹಾಲು ಕರೆದು ಕೊಟ್ಟರೆ ಅತ್ತೆ ಡೈರಿಗೆ ತೆಗೆದುಕೊಂಡು ಹೋಗುತ್ತಾರೆ. ಡೈರಿಯ ಎದುರೇ ಬಸ್ಸು ನಿಲ್ಲುವುದು. ಹಾಗಾಗಿ ಬಾಟಲಿಯನ್ನೂ ಅವರ ಕೈಲೇ ಕೊಟ್ಟಿದ್ದೇನೆ. ನಮ್ಮ ಅತ್ತೆ ಚಿಕ್ಕಲಕ್ಷ್ಮಮ್ಮನವರು ನಿನ್ನನ್ನು ಒಂದೇ ಒಂದು ಸಲ ನೋಡಿದ್ದು. ಆವತ್ತಿನಿಂದ ದಿನಾ ಕೇಳುತ್ತಾರೆ: "ಆ ಐನೋರ ಮಗೀಗೆ ಮದ್ವೆ ಆಯ್ತೇನವ್ವಾ? ಎಷ್ಟ್ ಲಕ್ಷಣವಾಗವ್ಳೆ! ನಮ್ಮನೇಲಿ ಕಾಪಿ ಕುಡಿದ್ಳು ಕಣವ್ವಾ, ವಸಿನೂ ಬಿಂಕ ಮಾಡ್ನಿಲ್ಲ." ನೀನು ಕಾಫಿ ಕುಡಿದದ್ದು ಅವರಿಗೆ ದೊಡ್ಡ ಸುದ್ದಿ.

ನಮ್ಮವರು ಕುಮಾರ್ ಮಾತ್ರ ನಗುತ್ತಾರೆ. "ಕಾರ್ಖಾನೆಯೋರು ಅವ್ರ್ ತಪ್ಪ ಅವ್ರೇ ಬರ್ಕೊಡ್ತಾರಾ? ಯಾವೂರ್ ಕಾನೂನು ಕಣಮ್ಮಿ ಅದು?" ಅಂದರು. ನಮ್ಮ ಹಂಸ ಬರೆದುಕೊಡುತ್ತಾಳೆ, ನೋಡುತ್ತಿರಿ ಅಂದೆ.

ಆಶಾ


ಹಾಸನ
20-10-1994

ಆಶಾ,

ನನಗೆ ಕುಣಿಯಬೇಕು ಅನ್ನಿಸುತ್ತಿದೆ! ನೀನು ಕಳಿಸಿದ ನೀರು ಎಷ್ಟು ಚೆನ್ನಾಗಿದೆ ಗೊತ್ತಾ? ಜುಲೈನಲ್ಲಿ ನಾನು ಸೇದಿ ತಂದದ್ದಕ್ಕಿಂತ ಉಪ್ಪು ಮೂರರಲ್ಲಿ ಒಂದು ಪಾಲಿಗೆ ಇಳಿದಿದೆ. ಎರಡು ಸಲ ಪರೀಕ್ಷೆ ಮಾಡಿದೆ. ತೊಟ್ಟಿ ಕಟ್ಟಿಸಿದ್ದರ ಫಲ ಇಷ್ಟು ಬೇಗ ಸಿಗುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ. ಮ್ಯಾನೇಜರ್ ಬಸವರಾಜು ಅವರು ಎಲ್ಲರ ಎದುರಿಗೆ ವರದಿಯ ಆ ಪುಟವನ್ನು ಓದಿ, "ಇದು ಹಂಸ ಅವರ ಬಾವಿ" ಅಂದರು. ಕುಮಾರಣ್ಣನಿಗೆ ಹೇಳು, ಕಾನೂನಿಗೆ ಕೆಲಸ ಮಾಡಲು ಬರುತ್ತದೆ ಅಂತ.

ಸೀರೆ ಒಗೆದು ಕಳಿಸಿದ್ದೇನೆ. ಅತ್ತೆಯವರಿಗೆ ನಮಸ್ಕಾರ. ಮದುವೆ ಇನ್ನೂ ಇಲ್ಲ ಅಂತಲೂ ತಿಳಿಸು.

ಹಂಸ


ತುಂಬೆಕೊಪ್ಪಲು
9-11-1996

ಪ್ರೀತಿಯ ಹಂಸಾ,

ಈ ಕಾಗದವನ್ನು ನಗುತ್ತಾ ಶುರು ಮಾಡಿ ಅಳುತ್ತಾ ಮುಗಿಸುತ್ತೇನೋ ಏನೋ. ಎರಡು ವರ್ಷದಿಂದ ನಾವು ನಿನಗೆ ಮೋಸ ಮಾಡಿದ್ದೇವೆ ಕಣೇ. ಬೇಕಂತ ಅಲ್ಲ.

ಮೊನ್ನೆ ಎಮ್ಮೆ ನಮ್ಮ ಬಾವಿ ನೀರಿಗೆ ಮೂತಿ ಇಟ್ಟು ಹಿಂದೆ ಸರಿಯಿತು. ತಾಮ್ರದ ಹಂಡೆಯ ಒಳಗೆ ಬಿಳೀ ಪೊರೆ ಕಟ್ಟುತ್ತಿದೆ, ಬೇಳೆ ಬೇಯುವುದಿಲ್ಲ. ಹಂಸನ ಪರೀಕ್ಷೆಯಲ್ಲಿ ಎಲ್ಲಾ ಚೆನ್ನಾಗಿದೆ ಅಂತ ಬರುತ್ತದಲ್ಲ, ಇದೇನು ಹೀಗೆ ಅಂತ ನಾನು ಗೊಣಗಿದೆ. ಅತ್ತೆ ಒರಳ ಹತ್ತಿರ ಕೂತಿದ್ದವರು ತಲೆ ತಗ್ಗಿಸಿದರು. ಆಮೇಲೆ ಬಾಯಿ ಬಿಟ್ಟರು.

"ಅಯ್ಯೋ, ಐನೋರ ಮಗೀಗೆ ಆ ಉಪ್ನೀರ್ ಕಳ್ಸಾದಾ? ಬಾಯಿಗ್ ಆಕಂಡ್ರೆ ಏನನ್ಕಂಡಾಳು? ನಮ್ಮನೆ ಮರ್ವಾದೆ ಏನಾಗ್ಬೇಕು? ನೀನ್ ತುಂಬ್ಕೊಟ್ಟಿದ್ನ ಚೆಲ್ಬುಟ್ಟು, ಡೈರಿಗೆ ಓಗೋ ದಾರೀಲಿ ಗುಡ್ಡದ ಸೀನೀರ್ ಬಾವೀಲಿ ತುಂಬ್ಕಂಡೋಗಿ ಕೊಡ್ತಿದ್ದೆ ಕಣವ್ವಾ. ಒಂದ್ ಸಲೀನೂ ತಪ್ಪಿಸ್ನಿಲ್ಲ."

ನಮ್ಮೂರಲ್ಲಿ ನೆಂಟರು ಬಂದರೆ, ಹಬ್ಬ ಬಂದರೆ, ಗುಡ್ಡದ ಬಾವಿಯ ಸಿಹಿನೀರೇ ತರುವುದು. ಮನೆ ಬಾವಿಯ ನೀರು ದನಕ್ಕೆ, ಪಾತ್ರೆಗೆ, ನಮಗೆ. ಜುಲೈನಲ್ಲಿ ನಿನಗೆ ಕಾಫಿ ಮಾಡಿದ್ದೂ ಗುಡ್ಡದ ನೀರಿನಲ್ಲೇ. ಬಾಟಲಿಯನ್ನೂ ಅವರು ನೆಂಟರಂತೆಯೇ ಕಂಡಿದ್ದಾರೆ. ಪರೀಕ್ಷೆಗೆ ಅಂತ ನೂರು ಸಲ ಹೇಳಿದ್ದೆ. "ಪರೀಕ್ಷೆ ಅಂದ್ಮೇಲೆ ಚೆನ್ನಾಗಿರಾದ್ನೆ ಅಲ್ವಾ ಕಳ್ಸಾದು?" ಅನ್ನುತ್ತಾರೆ!

ಗುಡ್ಡದ ಬಾವಿ ಕಾರ್ಖಾನೆಯಿಂದ ಒಂದೂವರೆ ಮೈಲಿ ಮೇಲಕ್ಕಿದೆ. ನಮ್ಮ ಬಾವಿ ಅದರ ಕೊಳೆಕಾಲುವೆಯ ಮಗ್ಗುಲಲ್ಲೇ ಇದೆ. ಅಂದರೆ ನೀನು ಬರೆದದ್ದೆಲ್ಲ ಬೇರೆ ಬಾವಿಯ ಕಥೆ. ತಪ್ಪು ನಮ್ಮದು, ಬಯ್ಯಿ. ಆದರೆ ಬೇಗ ಸರಿಮಾಡು. ಇನ್ನೊಂದು ಮಾತು. ಆ ತೊಟ್ಟಿಯ ಮೋಟಾರು ಸೆಪ್ಟೆಂಬರಿನಲ್ಲಿ ಮಾತ್ರ ಓಡುತ್ತದಂತೆ. ಪಂಪ್ ನಡೆಸುವ ಬೋರಪ್ಪ ಹೇಳಿದ. ಕಾರ್ಖಾನೆಯ ಆಳುಗಳು ಆ ತಿಂಗಳಿಗೆ "ವರದಿ ಹಬ್ಬ" ಅಂತಾರಂತೆ. ಗೇಟಿನ ಮುಂದೆ ಗಿಡ ನೆಟ್ಟು ಟ್ಯಾಂಕರಿನಲ್ಲಿ ನೀರು ಹಾಕುತ್ತಾರೆ. ಹಿಂದುಗಡೆ ಕಾಲುವೆ ಒಂದು ದಿನ ಕೆಂಪು, ಒಂದು ದಿನ ನೀಲಿ.

ನಿನ್ನ,
ಆಶಾ


ಹಾಸನ
28-12-1996

ಪ್ರೀತಿಯ ಆಶಾ,

ತಡವಾಯಿತು, ಕ್ಷಮಿಸು. ತಂದೆಯ ಕಣ್ಣಿನ ಆಪರೇಷನ್ನಿಗೆ ಮೈಸೂರಿನಲ್ಲಿದ್ದೆ. ಖರ್ಚನ್ನೆಲ್ಲ ಕಂಪನಿಯೇ ನೋಡಿಕೊಂಡಿತು. ಬಸವರಾಜು ಅವರು ಆಸ್ಪತ್ರೆಗೇ ಬಂದು ತಂದೆಯ ಕಾಲಿಗೆ ನಮಸ್ಕಾರ ಮಾಡಿದರು. ಈ ತಿಂಗಳಿಂದ ನಾನು ಪರಿಸರ ವಿಭಾಗದ ಮುಖ್ಯಸ್ಥೆ.

ನಿನ್ನ ಕಾಗದ ಓದಿ, ಅತ್ತೆಯವರು ಬಾಟಲಿಗೆ ಸಿಹಿನೀರಿನ ಉಪಚಾರ ಮಾಡಿದ್ದನ್ನು ನೆನೆದು ಒಬ್ಬಳೇ ನಕ್ಕೆ. ಎಂಥ ಮನಸ್ಸು ಅವರದು! ಸದ್ಯಕ್ಕೆ ಅವರನ್ನು ನೋಯಿಸಬೇಡ, ಹೇಗೆ ನಡೆಯುತ್ತಿದೆಯೋ ಹಾಗೇ ನಡೆಯಲಿ. ಮೂರು ವರ್ಷದ ವರದಿ ಆಗಲೇ ಹೋಗಿಬಿಟ್ಟಿದೆ. ಒಂದೇ ಸಲಕ್ಕೆ ಬದಲಾಯಿಸಿದರೆ ನೂರು ಪ್ರಶ್ನೆ ಬರುತ್ತದೆ. ಯುಗಾದಿ ಕಳೆದ ಮೇಲೆ ನಾನೇ ಬಂದು ನಿಮ್ಮ ಮನೆ ಬಾವಿಯಿಂದ ಸೇದಿಕೊಂಡು ಹೋಗುತ್ತೇನೆ. ಅಲ್ಲಿಯವರೆಗೆ ಈ ವಿಷಯ ನಮ್ಮಿಬ್ಬರಲ್ಲೇ ಇರಲಿ.

ನಿನ್ನವಳೇ ಆದ,
ಹಂಸ


ತುಂಬೆಕೊಪ್ಪಲು
14-7-1998

ಹಂಸಾ,

ಯುಗಾದಿ ಕಳೆದ ಮೇಲೆ ಬರುತ್ತೇನೆ ಅಂದೆ. ಆಮೇಲೆ ಎರಡು ಯುಗಾದಿ ಕಳೆದವು. ಪ್ರತಿ ಸಲವೂ ಅತ್ತೆ ಗುಡ್ಡದ ನೀರು ತಂದು ಮುಚ್ಚಿಟ್ಟರು, ಸಂಜೆಗೆ ನಾವೇ ಕುಡಿದೆವು.

ಬೇಜಾರು ಮಾಡಿಕೊಂಡು ಬರೆಯುತ್ತಿಲ್ಲ. ಮೇ ತಿಂಗಳಲ್ಲಿ ಅತ್ತೆಗೆ ಕೊಡದೆ, ನಾನೇ ಮನೆ ಬಾವಿಯ ನೀರನ್ನು ತುಂಬಿ, ಬಾಟಲಿಯ ಕತ್ತಿಗೆ ಕೆಂಪು ದಾರ ಕಟ್ಟಿ, ಕೆಂಚಯ್ಯನವರ ಕೈಗೆ ಕೊಟ್ಟು ಕಳಿಸಿದ್ದೆ. ಅದರ ಪರೀಕ್ಷೆ ಏನಾಯಿತು? ಎಮ್ಮೆ ಎರಡನೇ ಸಲ ತಿಂಗಳು ತುಂಬುವ ಮೊದಲೇ ಕಂದು ಹಾಕಿತು. ಕುಡಿಯಲು, ಅಡಿಗೆಗೆ, ಈಗ ದನಕ್ಕೂ ಗುಡ್ಡದಿಂದಲೇ ಹೊರುತ್ತಿದ್ದೇವೆ. ಅತ್ತೆಯ ಸೊಂಟ ಹಿಡಿದಿದೆ.

ಅಲ್ಲಿ ಏನಾದರೂ ತೊಂದರೆ ಇದ್ದರೆ ಹೇಳು. ನಾನು ಹಾಸ್ಟೆಲಿನಲ್ಲಿ ನಿನ್ನ ಪಕ್ಕದ ಮಂಚದವಳು.

ಆಶಾ


ಹಾಸನ
30-8-1998

ಪ್ರಿಯ ಆಶಾ,

ಕೆಂಪು ದಾರದ ಬಾಟಲಿ ಬಸ್ಸಿನಲ್ಲೇ ಒಡೆದುಹೋಗಿತ್ತು. ಕೆಂಚಯ್ಯ ಚೂರುಗಳನ್ನು ತಂದು ಕೊಟ್ಟರು. ಬರೆಯಬೇಕೆಂದುಕೊಂಡು ಮರೆತೆ.

ಸಂತೋಷದ ವಿಷಯವೊಂದಿದೆ. ಈ ವರ್ಷ ವರದಿಯನ್ನು ಬಣ್ಣದ ಪುಸ್ತಕವಾಗಿ ಅಚ್ಚು ಹಾಕಿಸುತ್ತಿದ್ದಾರೆ. ಬಟ್ಟೆ ಕೊಳ್ಳುವ ಹೊರದೇಶದವರೂ ಈಗ ಇಂಥದ್ದನ್ನು ಕೇಳುತ್ತಾರೆ. ಮುಖಪುಟಕ್ಕೆ ನೀನೂ ಅತ್ತೆಯವರೂ ಬಾವಿಕಟ್ಟೆಯಲ್ಲಿ ನಿಂತಿರುವ ಫೋಟೋ ಬೇಕು. ಫೋಟೋದವರು ಬುಧವಾರ ಬರುತ್ತಾರೆ. ಹಸಿರು ಸೀರೆ ಉಟ್ಟರೆ ಚೆನ್ನ.

ಹಂಸ


ತುಂಬೆಕೊಪ್ಪಲು
17-2-2000

ಹಂಸ,

ನಿನ್ನೆ ಹಾಸನದ ಸಭೆಯಲ್ಲಿ ನೀನು ಎರಡನೇ ಸಾಲಿನಲ್ಲಿ ಕೂತಿದ್ದೆ. ನನ್ನನ್ನು ನೋಡಿದೆ. ಆಮೇಲೆ ಕೊನೆಯವರೆಗೂ ನಿನ್ನ ಪೆನ್ನನ್ನೇ ನೋಡಿದೆ.

ಕಾರ್ಖಾನೆಯವರು ಬಣ್ಣ ಹಾಕುವ ಇನ್ನೊಂದು ಘಟಕ ಕಟ್ಟುವುದಕ್ಕೆ ಸರ್ಕಾರದವರು ಊರಿನವರ ಅಹವಾಲು ಕೇಳುತ್ತಾರೆ ಅಂತ ನಾವು ನಲವತ್ತು ಜನ ಬಂದಿದ್ದೆವು. ಅದು ಆದರೆ ಅದರ ಕಾಲುವೆಯೂ ನಮ್ಮ ಮಗ್ಗುಲಿಗೇ ಬರುತ್ತದೆ, ಬಾವಿ ಪೂರ್ತಿ ಸತ್ತಂತೆಯೇ. ನಮ್ಮೂರಿನ ಚೆನ್ನಯ್ಯ ಎದ್ದು ನೀರು ಕೆಟ್ಟಿದೆ ಅಂದ. ಆಗ ನಿಮ್ಮ ಬಸವರಾಜು ಅವರು ಬಣ್ಣದ ಪುಸ್ತಕ ಎತ್ತಿ ಹಿಡಿದರು. ಮೇಲೆ ನನ್ನ ಹಸಿರು ಸೀರೆ, ಅತ್ತೆಯ ನಗು. "ತುಂಬೆಕೊಪ್ಪಲಿನ ಕುಮಾರ್ ಅವರ ಮನೆಯ ಬಾವಿ. ಐದು ವರ್ಷವೂ ನೀರು ಉತ್ತಮ. ನೀರು ಸಂಗ್ರಹಿಸಿ ಕೊಟ್ಟವರು ಆ ಮನೆಯ ಸೊಸೆ ಶ್ರೀಮತಿ ಆಶಾರಾಣಿ" ಅಂತ ಓದಿದರು. ನಲವತ್ತು ತಲೆ ನನ್ನ ಕಡೆ ತಿರುಗಿದವು.

"ಏನವ್ವಾ, ನೀನೇ ಕೊಟ್ಟಿದ್ದಂತಲ್ಲ? ಎಷ್ಟ್ ಇಸ್ಕಂಡೆ?" ಅಂತ ಚೆನ್ನಯ್ಯ ಕೇಳಿದ. ಕುಮಾರ್ ತಲೆ ಎತ್ತಲಿಲ್ಲ. ಬಸ್ಸಿನಲ್ಲಿ ಯಾರೂ ನಮ್ಮ ಪಕ್ಕ ಕೂರಲಿಲ್ಲ.

ಕೆಂಚಯ್ಯನವರನ್ನು ಅದೇ ಬಸ್ಸಿನಲ್ಲಿ ಕೇಳಿದೆ. ಕೆಂಪು ದಾರದ ಬಾಟಲಿ ಒಡೆದಿರಲಿಲ್ಲ. "ಆಫೀಸಿನ ಬಾಗ್ಲಲ್ಲಿ ಆಯಮ್ಮನ ಕೈಗೇ ಕೊಟ್ಟೆ ಕಣವ್ವಾ, ದಾರ ನೋಡಿ ಇದೇನು ಅಂತ ಕೇಳುದ್ರು" ಅಂದರು. ಒಂದೂವರೆ ವರ್ಷ ನಾನು ಆ ಸುಳ್ಳನ್ನು ನಂಬಿಕೊಂಡಿದ್ದೆ. ನನಗೆ ಹೊಟ್ಟೆ ಉರಿಯುತ್ತಿದೆ ಹಂಸ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಸಾಕ್ಷಿ ಇದ್ದರೆ ಹದಿನೈದು ದಿನದೊಳಗೆ ಬರವಣಿಗೆಯಲ್ಲಿ ಕೊಡಿ ಅಂತ ಸಭೆ ನಡೆಸಿದ ಅಧಿಕಾರಿ ಹೇಳಿದ್ದಾರೆ. ನಾನು 1996ರ ನವೆಂಬರಿನಲ್ಲಿ ನಿನಗೆ ಎಲ್ಲವನ್ನೂ ಬರೆದಿದ್ದೆ. ಆ ಕಾಗದವನ್ನು ನನಗೆ ವಾಪಸ್ ಕೊಡು. ನಿನ್ನ ಮೇಲೆ ಏನೂ ಹೇಳುವುದಿಲ್ಲ. ನೀರು ಬದಲಾದದ್ದು ನಮ್ಮ ಮನೆಯ ಹಳೇ ಮರ್ಯಾದೆಯಿಂದ, ದುಡ್ಡಿಗಲ್ಲ ಅಂತ ಊರಿಗೂ ಅಧಿಕಾರಿಗೂ ತೋರಿಸಿದರೆ ನನಗೆ ಸಾಕು.

ಆಶಾರಾಣಿ


(ಕಂಪನಿಯ ಮುದ್ರೆಯ ಕಾಗದದಲ್ಲಿ, ಬೆರಳಚ್ಚು)

ಹಾಸನ
24-2-2000

ಶ್ರೀಮತಿ ಆಶಾರಾಣಿ ಅವರಿಗೆ,

ತಮ್ಮ ದಿನಾಂಕ 17-2-2000ರ ಪತ್ರ ತಲುಪಿದೆ. ತಾವು ಉಲ್ಲೇಖಿಸಿರುವ 1996ರ ಪತ್ರವು ನಮ್ಮ ಕಚೇರಿಗಾಗಲಿ, ನನಗೆ ವೈಯಕ್ತಿಕವಾಗಿಯಾಗಲಿ ಬಂದಿರುವುದಿಲ್ಲ. ತಾವು ಕಳುಹಿಸಿದ ನೀರಿನ ಮಾದರಿಗಳನ್ನು ತಮ್ಮ ಮಾತಿನ ಮೇಲಿನ ವಿಶ್ವಾಸದಿಂದ ಸ್ವೀಕರಿಸಲಾಗಿದೆ. ಅವುಗಳಲ್ಲಿ ಯಾವುದೇ ಬದಲಾವಣೆಯಾಗಿದ್ದರೆ ಅದರ ಹೊಣೆ ತಮ್ಮದೇ ಆಗಿರುತ್ತದೆ ಎಂದು ತಿಳಿಸಬಯಸುತ್ತೇನೆ.

ತಮ್ಮ ವಿಶ್ವಾಸಿ,
ಹಂಸ
ಮುಖ್ಯಸ್ಥರು, ಪರಿಸರ ವಿಭಾಗ


(ಅದೇ ಲಕೋಟೆಯಲ್ಲಿ, ಕೈಬರಹದ ಚೀಟಿ)

ಆಶಾ, ಬೆರಳಚ್ಚಿನದು ಅವರು ಬರೆಸಿದ್ದು. ನನ್ನ ಸ್ಥಿತಿ ನಿನಗೆ ಗೊತ್ತಿಲ್ಲ. ತಂದೆಗೆ ಇನ್ನೊಂದು ಕಣ್ಣಿನ ಆಪರೇಷನ್ ಇದೆ. ಇಲ್ಲಿ ಎಲ್ಲರಿಗೂ ಬೇಕಾಗಿರುವುದು ವರದಿ, ಕಾಲುವೆಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನಾನೂ ಕೊನೆಗೆ ಹಾಗೇ ಆದೆ. ಒಂದು ಬೇಡಿಕೆ. ನನ್ನ ಹಳೆಯ ಕಾಗದಗಳನ್ನು ಇಟ್ಟುಕೊಂಡಿದ್ದರೆ ಒಲೆಗೆ ಹಾಕಿಬಿಡು. ನಮ್ಮ ಹಾಸ್ಟೆಲಿನ ದಿನಗಳ ಮೇಲೆ ಆಣೆ.


ತುಂಬೆಕೊಪ್ಪಲು
9-3-2000

ಹಂಸಾ,

ಒಲೆಗೆ ಹಾಕು ಅಂದೆಯಲ್ಲ, ಹಾಕೋಣ ಅಂತಲೇ ತೆಗೆದೆ. ನನ್ನ ಮದುವೆಯ ಟ್ರಂಕಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಅವೆಲ್ಲ ಇದ್ದವು. ಉರಿಗೆ ಹಾಕುವ ಮೊದಲು ಒಂದೊಂದನ್ನೇ ಓದಿದೆ. ನೀನು ಕೇಳದೇ ಇದ್ದಿದ್ದರೆ ನಾನು ಆ ಟ್ರಂಕು ತೆಗೆಯುತ್ತಲೇ ಇರಲಿಲ್ಲ. ನನ್ನ ಕಾಗದ ನಿನ್ನ ಹತ್ತಿರ ಇದೆ ಅನ್ನುವುದಷ್ಟೇ ನನ್ನ ತಲೆಯಲ್ಲಿತ್ತು. ನಿನ್ನ ಉತ್ತರ ನನ್ನ ಹತ್ತಿರ ಇದೆ ಅನ್ನುವುದು ಹೊಳೆದಿರಲಿಲ್ಲ.

28-12-1996. ನಿನ್ನ ಅಕ್ಷರ. "ಅತ್ತೆಯವರು ಬಾಟಲಿಗೆ ಸಿಹಿನೀರಿನ ಉಪಚಾರ ಮಾಡಿದ್ದನ್ನು ನೆನೆದು ಒಬ್ಬಳೇ ನಕ್ಕೆ." ಅದರ ಕೆಳಗೆ, "ಹೇಗೆ ನಡೆಯುತ್ತಿದೆಯೋ ಹಾಗೇ ನಡೆಯಲಿ."

ಅವತ್ತು ಇದನ್ನು ಓದಿದಾಗ ನಮ್ಮ ಅತ್ತೆಯ ಮನಸ್ಸು ನೋಯಬಾರದು ಅಂತ ನೀನು ಬರೆದೆ ಅಂದುಕೊಂಡೆ. ಎಷ್ಟು ಒಳ್ಳೆಯವಳು ನನ್ನ ಸ್ನೇಹಿತೆ ಅಂತ ಕುಮಾರ್‌ಗೆ ಓದಿ ಹೇಳಿದ್ದೆ. ಅವರು ಈಗ ಅದನ್ನು ನೆನಪಿಸಲಿಲ್ಲ. ಸುಮ್ಮನೆ ಅಂಗಿ ಹಾಕಿಕೊಂಡು, "ನಡಿ, ಆಸನಕ್ಕೆ ಓಗಣ" ಅಂದರು.

ಮೂರು ದಿನ ನಾನೇ ಹಿಂದೆಮುಂದೆ ನೋಡಿದೆ. ನಿನ್ನ ತಂದೆಯ ಕಣ್ಣು ನೆನಪಿಗೆ ಬಂತು. ಹಾಸ್ಟೆಲಿನಲ್ಲಿ ನನಗೆ ಜ್ವರ ಬಂದಾಗ ನೀನು ಮಡಿಯನ್ನೆಲ್ಲ ಬಿಟ್ಟು ನನ್ನ ಎಂಜಲು ಲೋಟ ತೊಳೆದದ್ದು ನೆನಪಿಗೆ ಬಂತು. ಹದಿನೈದು ದಿನದ ಗಡುವಿಗೆ ಒಂದೇ ದಿನ ಉಳಿದಿದ್ದಾಗ ಹೋಗಿ ಅಧಿಕಾರಿಯ ಕೈಗೆ ಕೊಟ್ಟೆ. ನಕಲಲ್ಲ, ನೀನು ಬರೆದದ್ದನ್ನೇ. ಕೊಟ್ಟು ಹೊರಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಕೂತು ಅತ್ತುಬಿಟ್ಟೆ. ಅತ್ತದ್ದು ನಿನಗೋಸ್ಕರವೇ, ಸುಳ್ಳು ಹೇಳುವುದಿಲ್ಲ.

ಸೋಮವಾರ ನಮ್ಮ ಮನೆಗೆ ಬಂದ ಅಧಿಕಾರಿ ತಾವೇ ಬಾಟಲಿ ತಂದಿದ್ದರು. ಅತ್ತೆ ಎಂದಿನಂತೆ ಗುಡ್ಡದ ಸಿಹಿನೀರಿನ ಬಿಂದಿಗೆಯನ್ನು ತಂದು ಅವರ ಮುಂದಿಟ್ಟರು. ಕುಡಿಯಲು ಒಂದು ಲೋಟ ಕೊಟ್ಟರು. ಆಮೇಲೆ ಬಾಟಲಿಗೂ ಅದನ್ನೇ ಬಗ್ಗಿಸಲು ಹೋದರು. ನಾನು ಕೈ ಹಿಡಿದೆ. "ಅದಕ್ಕಲ್ಲ ಅತ್ತೆ, ಅದಕ್ಕೆ ನಮ್ಮ ಬಾವೀದೇ ಬೇಕು" ಅಂದೆ. ಅವರಿಗೆ ಅರ್ಥವಾಯಿತು. ಹಿಡಿದ ಸೊಂಟದಲ್ಲೇ ಬಗ್ಗಿ, ಹಗ್ಗ ಬಿಟ್ಟು, ನಮ್ಮ ಬಾವಿಯ ನೀರನ್ನು ಅವರೇ ಸೇದಿದರು. ಮನೆಗೆ ಬಂದವರ ಕೈಗೆ ಆ ನೀರನ್ನು ಅವರು ಜೀವಮಾನದಲ್ಲಿ ಮೊದಲ ಸಲ ಕೊಟ್ಟದ್ದು. ಕೊಡುವಾಗ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು.

ಪರೀಕ್ಷೆ ಬರಲಿ. ಏನಾಗುತ್ತದೋ ನನಗೂ ಗೊತ್ತಿಲ್ಲ. ಚೆನ್ನಯ್ಯ ನಿನ್ನೆ ಡೈರಿಯಲ್ಲಿ ನನ್ನನ್ನು ಮಾತಾಡಿಸಿದ.

ಅತ್ತೆ ಮಾತ್ರ ಎಲ್ಲವೂ ತಮ್ಮಿಂದಲೇ ಆಯಿತು ಅಂತ ಊಟ ಬಿಟ್ಟಿದ್ದಾರೆ. "ನಾನೇ ಕಣವ್ವಾ ಬಾವಿ ಕೆಡಿಸ್ದೋಳು. ಆ ಮಗೀಗೆ ಏನ್ ಗೊತ್ತು? ಗೊತ್ತಿದ್ರೆ ಓಡಿ ಬತ್ತಿದ್ಲು" ಅನ್ನುತ್ತಾರೆ. ನಿನಗೆ ಮೂರು ವರ್ಷದಿಂದ ಗೊತ್ತಿತ್ತು ಅನ್ನುವುದನ್ನು ನಾನು ಅವರಿಗೆ ಹೇಳಿಲ್ಲ. ಹೇಳಿದರೆ ಅವರು ಒಂದು ತುತ್ತು ಉಣ್ಣುತ್ತಾರೋ ಏನೋ. ಆದರೂ ನನ್ನ ಬಾಯಿಗೆ ಬರುತ್ತಿಲ್ಲ. ಅದನ್ನು ಹೇಳಬೇಕಾದವಳು ನೀನು. ದುದ್ದದ ಬಸ್ಸು ಡೈರಿಯ ಎದುರಿಗೆ ನಿಲ್ಲುತ್ತದೆ. ಬಂದು ಅವರ ಮುಂದೆ ಕೂತು ಹೇಳು. ನೀನು ಹೇಳುವ ಮೊದಲೇ ಅವರು ನಿನಗೆ ಕುಡಿಯಲು ಗುಡ್ಡದ ನೀರು ಕೊಟ್ಟಿರುತ್ತಾರೆ.

ಆಶಾ